ನೆಲ ಮುಟ್ಟದ ಮಳೆ

ಬೇಸಿಗೆಯಲ್ಲಿ ಮೋಡ ಕಂಡರೆ ಹಲಗೇರಿಯ ಜನ ಹಿಗ್ಗುತ್ತಾರೆ. ಕೋಳಿ ಸಾಕುವವರು ಹಿಗ್ಗುವುದಿಲ್ಲ. ಕೋಳಿ ಶೆಡ್ಡಿಗೆ ಗೋಡೆ ಇರುವುದು ಎರಡು ತುದಿಗೆ ಮಾತ್ರ. ಉದ್ದನೆಯ ಎರಡು ಬದಿಗೆ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಸೂರಿನವರೆಗೆ ಬರೀ ತಂತಿಯ ಜಾಲರಿ. ಗಾಳಿ ಆಡಲಿ ಎಂದೇ ಹಾಗೆ ಕಟ್ಟುತ್ತಾರೆ. ಜಾಲರಿಯ ಹೊರಗೆ, ಸೂರಿನ ಕೆಳಗೆ, ಉದ್ದಕ್ಕೂ ತಾಡಪಾಲು ಸುತ್ತಿ ಕಟ್ಟಿರುತ್ತಾರೆ. ಅದೇ ಪರದೆ. ಹಗ್ಗ ಬಿಚ್ಚಿದರೆ ದಡ್ಡನೆ ಕೆಳಗೆ ಬೀಳುತ್ತದೆ. ಮತ್ತೆ ಮೇಲೆ ಸುತ್ತುವುದು ಮಾತ್ರ ಸುಲಭವಲ್ಲ. ಏಣಿ ಹಾಕಿಕೊಂಡು ಇಬ್ಬರು ಬೆವರು ಸುರಿಸಬೇಕು.

ನಜ್ಮಾಳ ಶೆಡ್ಡು ಊರ ಹೊರಗೆ ರಾಣೆಬೆನ್ನೂರಿನ ದಾರಿಯ ಮೇಲಿದೆ. ಕಂಪನಿಯವರು ಮರಿ ಕೊಡುತ್ತಾರೆ, ಕಾಳು ಕೊಡುತ್ತಾರೆ. ಬೆಳೆಸಿ ವಾಪಸು ಕೊಡುವುದು ಅವಳ ಕೆಲಸ. ಅದಕ್ಕೂ ಮೊದಲು ಅವಳು ರಾಣೆಬೆನ್ನೂರಿನ ಒಂದು ಗೋದಾಮಿನಲ್ಲಿ ನೆಲಕ್ಕೆ ಕೂತು ಬೀಜ ಆರಿಸುತ್ತಿದ್ದಳು. ತಲೆ ಎತ್ತಿದರೆ ಬೈಗುಳ, ನೀರಿಗೆ ಎದ್ದರೆ ಬೈಗುಳ. ಮತ್ತೆ ಆ ಗೋದಾಮಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಂದವಳು. ಗಂಡ ಮುಜಾಫರ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಕೋಳಿಯ ಉಸಾಬರಿ ಅವನಿಗೆ ಬೇಕಿರಲಿಲ್ಲ. ಶೆಡ್ಡು ಅವಳದು, ಹಟವೂ ಅವಳದು.

ಹಿಂದಿನ ಸಲದ ಕೋಳಿ ಹಾಳಾಗಿದ್ದವು. ಮೊದಲ ಮಳೆ ಅಡ್ಡಗಾಳಿಯ ಜೊತೆ ಬಂದಾಗ ಪರದೆ ಬಿಡುವುದು ತಡವಾಯಿತು. ಕೆಳಗೆ ಹಾಸಿದ ಭತ್ತದ ಹೊಟ್ಟು ನೆನೆದು ಗಬ್ಬೆದ್ದು, ರೋಗ ಬಂದು, ದಿನಾ ಬುಟ್ಟಿ ತುಂಬ ಸತ್ತ ಕೋಳಿ ಹೊರಗೆ ಬಂದವು. ಕಂಪನಿಯ ಸುಪರ್ವೈಸರ್ ಹನುಮೇಶ ಶೆಡ್ಡಿನ ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಹೀಗಾದರೆ ಮರಿ ಬಿಡುವುದಿಲ್ಲ ಎಂದು ಹೇಳಿದ. ಮೋಡ ಬಂತು ಅಂದರೆ ಮೊದಲು ಪರದೆ, ಉಳಿದದ್ದೆಲ್ಲ ಆಮೇಲೆ ಅಂದ. ಮರಿ ಬಿಡದಿದ್ದರೆ ಖಾಲಿ ಶೆಡ್ಡು, ಮತ್ತೆ ಬೀಜದ ಗೋದಾಮು. ಅದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಅಲ್ಲಿ ಒಂದು ಪದ್ಧತಿಯೇ ಆಯಿತು. ಮೋಡ ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಅವರು ಕೂಗಬೇಕು. ಪಕ್ಕದ ಹೊಲದ ದುರಗಪ್ಪ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಿದ್ದ. ಅತ್ತೆ ಹುಸೇನಬಿ ಕೂಡ ಸೊಂಟ ಹಿಡಿದುಕೊಂಡೇ ಒಂದು ಹಗ್ಗ ಬಿಚ್ಚುತ್ತಿದ್ದಳು. ಮೋಡಕ್ಕೆ ಹೆದರುವುದನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದರು.

ಮೇ ತಿಂಗಳ ಆ ಸಂಜೆ ಬ್ಯಾಡಗಿ ಕಡೆಯಿಂದ ಮೋಡ ಎದ್ದಿತು. ಕೋಳಿ ಬಲಿತಿದ್ದವು, ಮರುದಿನ ಸಂಜೆ ಲಾರಿ ಬಂದು ಒಯ್ಯುವುದಿತ್ತು. ಬಲಿತ ಫಾರ್ಮಿನ ಕೋಳಿಯಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಮೈತುಂಬ ಮಾಂಸ, ಬೆವರು ಬರುವುದಿಲ್ಲ, ಬಾಯಿ ತೆರೆದು ತೇಕುವುದೊಂದೇ ಅದಕ್ಕೆ ಗೊತ್ತು. ಸೆಕೆ ಮಿತಿ ಮೀರಿತೋ, ರೆಕ್ಕೆ ಅಗಲಿಸಿ ಕೂತುಬಿಡುತ್ತದೆ. ಆಮೇಲೆ ಏಳುವುದಿಲ್ಲ.

ದುರಗಪ್ಪ ಎತ್ತು ಕಟ್ಟುತ್ತಿದ್ದವನು ಕೂಗಿದ. ಅಷ್ಟರಲ್ಲಿ ತಂಪು ಗಾಳಿ ಬಂದೇಬಿಟ್ಟಿತು. ಇಡೀ ದಿನ ಕಾದ ಮೈಗೆ ಅದು ಹಿತವಾಗಿತ್ತು. ಅಂಗಡಿ ಮುಚ್ಚಿ ಬಂದಿದ್ದ ಮುಜಾಫರ, ದುರಗಪ್ಪ, ನಜ್ಮಾ ಸೇರಿ ಎರಡೂ ಬದಿಯ ಪರದೆ ಬಿಟ್ಟು ಬುಡಕ್ಕೆ ಕಲ್ಲು ಹೇರಿದರು. ಗುಡುಗು ಕೇಳಿಸಿದ ಕೂಡಲೇ ಕರೆಂಟು ಹೋಯಿತು, ಒಳಗಿನ ಫ್ಯಾನು ನಿಂತವು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟು ತಂಪಿನಲ್ಲಿ ಫ್ಯಾನು ಯಾಕೆ? ಹುಸೇನಬಿ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ, ಇನ್ನು ಎರಡು ಹನಿ ಬಿದ್ದರೆ ತಾನು ಹಾಯಾಗಿ ಸಾಯಬಹುದು ಅಂದಳು. ನಿಮ್ಮಂಥವರು ಅಷ್ಟು ಬೇಗ ಸಾಯುವುದಿಲ್ಲ, ಚಹಾ ಕಾಸಲು ಹೇಳಿ ಎಂದು ದುರಗಪ್ಪ ಕಾಲೆಳೆದ.

ನಜ್ಮಾ ಮಾತ್ರ ಮೋಡವನ್ನೇ ನೋಡುತ್ತಿದ್ದಳು. ಮೋಡದ ಹೊಟ್ಟೆಯಿಂದ ಮಳೆ ಇಳಿಯುತ್ತಿತ್ತು, ಹಿಂಜಿದ ಉಣ್ಣೆಯ ಹಾಗೆ. ಆದರೆ ಅರ್ಧಕ್ಕೆ ಬಂದು ಮಾಯವಾಗುತ್ತಿತ್ತು. ಅದರ ಕೆಳಗೆ ದೂರದ ಹೊಲ, ಬದುವಿನ ಮರ ಎಲ್ಲ ಒಂದು ಹನಿಯೂ ತಾಗದೆ ನಿಚ್ಚಳವಾಗಿ ಕಾಣುತ್ತಿದ್ದವು.

"ದುರಗಪ್ಪಣ್ಣ, ಮಳಿ ನೆಲಾ ಮುಟ್ಟವಲ್ದು ನೋಡ."

"ಮುಟ್ಟತೈತಿ ತಗಿ. ಮ್ಯಾಲಿಂದ ಬರಬೇಕಲ್ಲ, ಟೈಮ್ ಹಿಡೀತೈತಿ."

ಮುಟ್ಟಲಿಲ್ಲ. ಇಳಿಯುತ್ತಿದ್ದ ಉಣ್ಣೆ ಗಿಡ್ಡವಾಗುತ್ತ ಮೇಲೆ ಸರಿಯಿತು. ಮೋಡದ ಕಪ್ಪು ಕರಗಿ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಗುಡುಗು ನಿಂತಿತು. ತಂಪು ಗಾಳಿಯೂ ನಿಂತಿತು. ಬೇವಿನ ಮರದಲ್ಲಿ ಗಲಾಟೆ ಮಾಡುತ್ತಿದ್ದ ಹಕ್ಕಿಗಳು ಸುಮ್ಮನಾದವು. ಕಟ್ಟಿ ಹಾಕಿದ ಎತ್ತು ಗೂಟವನ್ನು ಜಗ್ಗತೊಡಗಿದವು. ದುರಗಪ್ಪ ಅವನ್ನು ಗದರಿಸಲು ಬಾಯಿ ತೆರೆದ, ಬಾಯೊಳಗಿನ ಪಸೆಯೇ ಆರಿಹೋಯಿತು.

ಗಾಳಿ ಮೋಡದ ಕಡೆಯಿಂದಲೇ ಬಂತು. ಬಿಸಿಯಾಗಿ ಬಂತು. ಹಗಲಿನ ಬಿಸಿಲಿಗೂ ಅಂಥ ಬಿಸಿ ಇರಲಿಲ್ಲ. ಕಣ್ಣಿನ ನೀರು ಇಂಗಿತು, ತುಟಿ ಚುರುಗುಟ್ಟಿತು. ಹೊತ್ತು ಮುಳುಗಿದ ಮೇಲೆ ಎಲ್ಲಿಂದ ಬಂತು ಇದು? ಹುಸೇನಬಿ ಹೊರಸಿನಿಂದ ಎದ್ದು ಕೂತಳು.

"ಯಾ ಅಲ್ಲಾ, ಚುರುಮುರಿ ಭಟ್ಟಿ ಬಾಗಲಾ ಯಾರ ತಗದ್ರ?"

ಶೆಡ್ಡಿನೊಳಗಿಂದ ಒಂದು ಸದ್ದು ಕೇಳಿಸುತ್ತಿತ್ತು. ಒಲೆ ಊದಿದಂಥ ಸದ್ದು. ಸಾವಿರಾರು ಕೋಳಿ ಒಟ್ಟಿಗೆ ತೇಕುತ್ತಿದ್ದವು.

ನಜ್ಮಾ ಬಾಗಿಲು ತೆರೆದಳು. ಒಳಗಿನ ಹಬೆ ಮುಖಕ್ಕೆ ಹೊಡೆಯಿತು. ಕೋಳಿಗಳ ಮೈಯ ಬಿಸಿ ಒಳಗೇ ನಿಂತಿತ್ತು, ಮೇಲಿನಿಂದ ಸೂರಿನ ಶೀಟು ಬಿಸಿ ಕಾರುತ್ತಿತ್ತು, ಎರಡೂ ಬದಿಗೆ ಪರದೆ ಬಿಗಿದಿತ್ತು. ಕಂಬಕ್ಕೆ ತೂಗುಹಾಕಿದ್ದ ಥರ್ಮಾಮೀಟರಿನ ಕೆಂಪು ಗೆರೆ ನೋಡುತ್ತಿದ್ದ ಹಾಗೆ ಏರುತ್ತಿತ್ತು. ದೂರದ ತುದಿಯ ಕೋಳಿಗಳು ಆಗಲೇ ರೆಕ್ಕೆ ಅಗಲಿಸಿ ಕೂತಿದ್ದವು.

ಮುಜಾಫರ ಏಣಿ ಹಾಕಿ ಪರದೆ ಸುತ್ತಲು ನೋಡಿದ. ಗಾಳಿ ತಾಡಪಾಲನ್ನು ಜಾಲರಿಗೆ ಒತ್ತಿ ಹಿಡಿದಿತ್ತು. ಒಂದು ಮೊಳ ಸುತ್ತುವಷ್ಟರಲ್ಲಿ ಕೈ ಜಾರಿ, ಸುತ್ತಿದ್ದು ಬಿಚ್ಚಿಕೊಂಡು, ಏಣಿ ಪಕ್ಕಕ್ಕೆ ವಾಲಿತು. ನಜ್ಮಾ ಕೋಳಿಗೆ ನೀರು ಚಿಮುಕಿಸಲು ತೊಟ್ಟಿಯಿಂದ ಕೊಡ ಹೊತ್ತು ಓಡಿ ಬರುತ್ತಿದ್ದಳು. ಏಣಿ ಅವಳ ಭುಜಕ್ಕೆ ತಾಗಿ ಕೊಡದ ನೀರೆಲ್ಲ ಅವಳ ತಲೆಯ ಮೇಲೆ ಸುರಿಯಿತು.

ಮರುಕ್ಷಣ ಅವಳಿಗೆ ಚಳಿ ಹತ್ತಿತು. ಸುತ್ತ ಬೆಂಕಿಯಂಥ ಗಾಳಿ, ತೋಯ್ದ ಸೆರಗಿನ ಕೆಳಗೆ ಕುತ್ತಿಗೆ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗೆ. ಅವಳು ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಸೂರಿಗೆ ಸಿಕ್ಕಿಸಿದ್ದ ಕುಡಗೋಲು ಎಳೆದುಕೊಂಡು, ಮೋಡದ ಕಡೆಯ ಪರದೆಗೆ ಹಾಕಿ, ಉದ್ದಕ್ಕೂ ಸೀಳುತ್ತ ಹೊರಟಳು.

ಮುಜಾಫರ ಚೀರಿದ. ಅವಳಿಗೆ ತಲೆ ಕೆಟ್ಟಿದೆ ಅಂದ, ಇದ್ದದ್ದೊಂದು ಪರದೆ ಅಂದ, ಇದರಿಂದ ಬಿಸಿ ಗಾಳಿ ಇನ್ನಷ್ಟು ಒಳಗೆ ಬರುತ್ತದೆ ಅಂದ. ಅವಳು ತಿರುಗಿ ನೋಡಲಿಲ್ಲ.

"ಕಾಳಿನ ಚೀಲಾ ಎಲ್ಲಾ ತೋಯಿಸಿ ತರ್ರಿ. ಬೈಯೂದು ನಾಳೆ ಬೈರಿ, ನಾನು ಎಲ್ಲೂ ಹೋಗೂದಿಲ್ಲ."

ಖಾಲಿ ಗೋಣಿಚೀಲಗಳನ್ನು ತೊಟ್ಟಿಯಲ್ಲಿ ಅದ್ದಿ ಅದ್ದಿ ಜಾಲರಿಗೆ ಸಿಕ್ಕಿಸಿದರು. ಬಾಗಿಲ ಕಡೆಯಿಂದ ಶುರು ಮಾಡಿದರು. ಆಚೆ ಬದಿಯ ಪರದೆಯ ಕಲ್ಲು ಸರಿಸಿ ಗಾಳಿಗೆ ದಾರಿ ಬಿಟ್ಟರು. ಬಿಸಿ ಗಾಳಿ ತೋಯ್ದ ಚೀಲದೊಳಗಿಂದ ಹಾಯ್ದು ಆಚೆಗೆ ಹೋಗುವಾಗ ತಂಪಾಗಿ ಹೋಗುತ್ತಿತ್ತು. ಚೀಲ ಕಣ್ಣೆದುರೇ ಒಣಗುತ್ತಿದ್ದವು, ಅಷ್ಟು ಬಾಯಾರಿದ ಗಾಳಿ ಅದು. ದುರಗಪ್ಪ ಕೊಡದಿಂದ ಎರಚುತ್ತಲೇ ಇದ್ದ. ಹುಸೇನಬಿ ಹೊರಸಿನ ಮೇಲಿನ ಕೌದಿಯನ್ನೂ ತೊಟ್ಟಿಗೆ ಹಾಕಿದಳು.

ಒಂದು ಗಡಿಗೆ ಅನ್ನ ಬೇಯುವಷ್ಟು ಹೊತ್ತು ಬೀಸಿ ಗಾಳಿ ನಿಂತಿತು. ಮೇಲೆ ಮೋಡವೇ ಇರಲಿಲ್ಲ, ಚಿಕ್ಕೆ ಕಾಣುತ್ತಿದ್ದವು. ಒಂದು ಹನಿಯೂ ಬಿದ್ದಿರಲಿಲ್ಲ. ಬಾಗಿಲ ಕಡೆಯ ಕೋಳಿ ಉಳಿದವು. ಚೀಲ ಮುಟ್ಟುವ ಮೊದಲೇ ದೂರದ ತುದಿ ಸತ್ತಿತ್ತು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಹಾಸಿಗೆ ಹಾಸಿದ ಹಾಗೆ ಬಿದ್ದಿದ್ದವು.

ಬೆಳಿಗ್ಗೆ ಊರಿನವರು ನೋಡಲು ಬಂದರು. ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ, ನಮ್ಮಲ್ಲಿ ಹಾಗೇನೂ ಆಗಲಿಲ್ಲ. ಬ್ಯಾಡಗಿಯಲ್ಲಿ ಚೆನ್ನಾಗಿ ಮಳೆ ಹೊಡೆದು ಪೇಟೆಯ ಮೆಣಸಿನಕಾಯಿ ತೋಯ್ದಿತ್ತು. ರಾಣೆಬೆನ್ನೂರಿನಲ್ಲಿ ತಂಪು. ಹಲಗೇರಿಯೊಳಗೇ ಸ್ವಲ್ಪ ಬೆಚ್ಚಗಾಯಿತು ಅಂದವರು ಇಬ್ಬರು ಮೂವರು. ದೆವ್ವದ ಗಾಳಿ ಇರಬೇಕು ಅಂತ ಒಬ್ಬ ಅಂದ. ನಿನ್ನಂಥವನು ಊರಲ್ಲಿರುವಾಗ ಬೇರೆ ದೆವ್ವ ಯಾಕೆ ಎಂದು ಹುಸೇನಬಿ ಅವನನ್ನು ಓಡಿಸಿದಳು.

ಹನುಮೇಶ ಬೈಕಿನಿಂದ ಇಳಿದು ಮೊದಲು ನೋಡಿದ್ದೇ ಸೀಳಿದ ಪರದೆಯನ್ನು. ಕೆಟ್ಟ ಮನುಷ್ಯನೇನಲ್ಲ, ಸಣ್ಣ ವಯಸ್ಸು, ಮೇಲಿನವರ ಹೆದರಿಕೆ. ಪರದೆ ಬಿಟ್ಟು ಒಳಗೆ ಹೋಗಿ ಮಲಗಿದ್ದೀರಿ, ಫ್ಯಾನಿಲ್ಲದೆ ಉಸಿರುಗಟ್ಟಿ ಸತ್ತಿವೆ, ಸತ್ತ ಮೇಲೆ ಗಾಬರಿಯಾಗಿ ಹರಿದಿದ್ದೀರಿ ಎಂದು ಅವನು ಪಟಪಟ ಹೇಳಿದ. ನಜ್ಮಾ ನಡೆದದ್ದನ್ನು ಹೇಳಿದಳು. ಅವನು ಕೇಳಿದ, ನಂಬಲಿಲ್ಲ. ನಿನ್ನೆ ಸಂಜೆ ತಮ್ಮ ಮನೆಯಲ್ಲಿ ಎಷ್ಟು ತಣ್ಣನೆ ಗಾಳಿ ಎಂದರೆ ಹೆಂಡತಿ ಶ್ವೇತಾ ಕಿಟಕಿ, ಬಾಗಿಲು ಎಲ್ಲ ಹಾಕಿ ಕೂಸಿಗೆ ಕುಲಾಯಿ ಕಟ್ಟಿದಳು ಅಂದ. ರಾಣೆಬೆನ್ನೂರಿನ ಸ್ಟೇಷನ್ನಿನ ಹತ್ತಿರ ಅವನ ಮನೆ. ಮಾಳಿಗೆಯ ಮೇಲೆ ತಗಡು ಹೊದಿಸಿದ ಎರಡು ಕೋಣೆ. ಕೂಸಿಗೆ ನೆಗಡಿ ಬೇರೆ ಆಗಿತ್ತಂತೆ. ಮೋಡದಿಂದ ಬರುವ ಗಾಳಿ ತಂಪಲ್ಲದೆ ಬಿಸಿ ಹೇಗಾಗುತ್ತದೆ ಎಂದು ಅವನೇ ತಿರುಗಿ ಕೇಳಿದ.

ಮುಜಾಫರ ಅಷ್ಟು ಹೊತ್ತು ಸತ್ತ ಕೋಳಿಗೆ ಗುಂಡಿ ತೋಡುತ್ತಿದ್ದ. ಕೈ ಒರೆಸಿಕೊಂಡು ಹೋಗಿ ಸೈಕಲ್ಲಿಗೆ ಹವಾ ಹೊಡೆಯುವ ಕೈಪಂಪು ತಂದ. ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹತ್ತಾರು ಸಲ ಜೋರಾಗಿ ಹೊಡೆದು, ಇದರ ಬುಡ ಮುಟ್ಟಿ ನೋಡಿರಿ ಅಂದ. ಹನುಮೇಶ ಮುಟ್ಟಿ ಕೈ ಹಿಂದೆ ತೆಗೆದುಕೊಂಡ.

"ಬಿಸಿ ಐತಲ್ಲ. ಒಳಗ ಕೆಂಡಾ ಇಟ್ಟೇನೇನ್ರಿ ನಾನು? ಹವಾ ಒತ್ತಿದ್ರ ಬಿಸಿ ಆಗತೈತಿ."

"ಇದು ಪಂಪು. ಆಕಾಶದಾಗ ಯಾರ ಹೊಡೀತಾರ ಪಂಪು?"

ಮುಜಾಫರನಿಗೆ ಗೊತ್ತಿತ್ತು, ಹೇಳಲು ಬರಲಿಲ್ಲ. ವಿಷಯ ಇಷ್ಟೇ. ಗಾಳಿಗೂ ಭಾರ ಇದೆ. ಎತ್ತರದಲ್ಲಿರುವ ಗಾಳಿಯ ತಲೆಯ ಮೇಲೆ ಭಾರ ಕಡಿಮೆ, ಅದು ಸಡಿಲಾಗಿ, ತಣ್ಣಗಿರುತ್ತದೆ. ಟೈರಿನ ವಾಲ್ವು ಒತ್ತಿ ಹವಾ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುವುದೂ ಹಾಗೇ ಸಡಿಲಾದ ಗಾಳಿ. ಮಳೆಯ ಹನಿ ನಡುವೆಯೇ ಒಣಗುವಾಗ ಇನ್ನಷ್ಟು ತಣಿದು ಭಾರವಾದ ಆ ಮೇಲಿನ ಗಾಳಿ ರಭಸದಿಂದ ಕೆಳಗೆ ಬಿದ್ದರೆ, ಬೀಳುತ್ತ ಬೀಳುತ್ತ ತಲೆಯ ಮೇಲಿನ ಭಾರ ಹೆಚ್ಚಾಗಿ ಹಿಸುಕಿಕೊಳ್ಳುತ್ತದೆ. ಹಿಸುಕಿದಷ್ಟೂ ಕಾಯುತ್ತದೆ. ಪಂಪು ಹೊಡೆಯಲು ಯಾರೂ ಬೇಕಿಲ್ಲ.

ಹನುಮೇಶ ದಡ್ಡನಲ್ಲ. ಹಾಗಾದರೆ ಪ್ರತಿ ಮಳೆಯ ಗಾಳಿಯೂ ಬಿಸಿಯಾಗಿಯೇ ಬರಬೇಕಲ್ಲ, ಯಾಕೆ ತಂಪಾಗಿ ಬರುತ್ತದೆ ಅಂದ. ಮುಜಾಫರ ಪಂಪು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ.

"ಅದರಾಗ ನೀರ ಇರತೈತಿ," ನಜ್ಮಾ ಅಂದಳು. "ಮಳಿ ಕೂಡ ಇಳದು ಬಂದ್ರ ದಾರಿ ತುಂಬಾ ಒದ್ದಿ ಚೀಲಾ ಹೊದ್ದಂಗ. ತಂಪ ಬರತೈತಿ. ನಿನ್ನೆ ಮಳಿ ನಡುವ ಒಣಗಿ ಹೋತು. ಬರೇ ಗಾಳಿ ಬಿತ್ತು. ನನ್ನ ತಲಿ ಮ್ಯಾಲೆ ಕೊಡಾ ನೀರ ಬಿದ್ದಾಗ ತಿಳೀತು ನನಗ."

ಹನುಮೇಶ ನಕ್ಕ. "ಅಕ್ಕಾರ, ಮ್ಯಾಲಿನವ್ರಿಗೆ ಏನ ಹೇಳ್ಲಿ? ಆಕಾಶ ಪಂಪು ಹೊಡೀತು ಅಂತ ಹೇಳ್ಲೇನು?"

ಹುಸೇನಬಿ ದಬ್ಬಣ, ಸುತಳಿ ಹಿಡಿದು ಪರದೆ ಹೊಲಿಯುತ್ತ ಕೂತಿದ್ದಳು. ತಲೆ ಎತ್ತದೆ, ಹೇಳು ಮಗನೇ, ನಿನ್ನ ಮೇಲಿನವರು ಇರುವುದು ಎಷ್ಟು ಮೇಲೆ ಎಂದು ನಾವೂ ನೋಡುತ್ತೇವೆ ಅಂದಳು.

ಕೊನೆಗೆ ಅವನು ಒಂದು ಮಾತಿಗೆ ಬಂದ. ಸಂಜೆ ಲಾರಿ ಬರುವವರೆಗೆ ತಾನು ಇಲ್ಲೇ ಇರುವವನು. ಉಳಿದ ಕೋಳಿ ಜೀವಂತ ಲಾರಿ ಹತ್ತಬೇಕು. ಅವೂ ಸತ್ತರೆ ಈ ಶೆಡ್ಡಿಗೆ ಮರಿ ಬರುವುದಿಲ್ಲ. ಉಳಿದರೂ, ನಿನ್ನೆಯದು ನಿಷ್ಕಾಳಜಿ ಎಂದೇ ಹೇಳುವವನು ತಾನು. ಆಮೇಲೆ ಕಂಪನಿ ಏನು ಮಾಡುತ್ತದೋ ಅದರ ಇಷ್ಟ. ಗೋದಾಮಿನ ನೆಲ ನಜ್ಮಾಳ ಕಣ್ಣಮುಂದೆ ಬಂದಿರಬೇಕು. ಎದ್ದು ಹೋಗಿ ತೊಟ್ಟಿಗೆ ನೀರು ಬಿಟ್ಟು, ಚೀಲಗಳನ್ನೆಲ್ಲ ಅದ್ದಿಟ್ಟಳು.

ಸಂಜೆ ಮತ್ತೆ ಬ್ಯಾಡಗಿ ಕಡೆಯಿಂದ ಮೋಡ ಎದ್ದಿತು. ನಿನ್ನೆಯದಕ್ಕಿಂತ ದೊಡ್ಡದು. ದುರಗಪ್ಪ ಕೂಗಲಿಲ್ಲ, ಸುಮ್ಮನೆ ಬಂದು ಅಂಗಳದಲ್ಲಿ ನಿಂತ. ತಂಪು ಗಾಳಿ ಬಂತು, ಗುಡುಗು ಬಂತು, ಕರೆಂಟು ಹೋಯಿತು. ಹಗ್ಗದ ಹತ್ತಿರ ಎಲ್ಲರೂ ನಿಂತರು, ಯಾರೂ ಬಿಚ್ಚಲಿಲ್ಲ. ಹನುಮೇಶ ಕೈ ಕಟ್ಟಿಕೊಂಡು ನಜ್ಮಾಳನ್ನೇ ನೋಡುತ್ತಿದ್ದ. ಅವಳು ಪರದೆ ಬಿಡುವುದಿಲ್ಲ, ಕೋಳಿ ತೋಯುತ್ತವೆ, ತನ್ನ ಮಾತು ಖರೆಯಾಗುತ್ತದೆ ಎಂದು ಅವನು ಕಾದಿದ್ದ.

ಅವಳು ನೋಡುತ್ತಿದ್ದದ್ದು ಮಳೆಯ ಕಾಲನ್ನು. ಬೂದು ಪರದೆಯಂತೆ ಅದು ಮೋಡದಿಂದ ಇಳಿದಿತ್ತು. ಅದರ ಹಿಂದಿನ ಗುಡ್ಡ ಕಾಣಲಿಲ್ಲ. ಬದುವಿನ ಮರಗಳು ಒಂದೊಂದಾಗಿ ಕಾಣದಾದವು. ಮಣ್ಣಿನ ವಾಸನೆ ಬಂತು.

"ನೆಲಾ ಮುಟ್ಟೈತಿ," ಅವಳು ಅಂದಳು. "ಪರದೆ ಬಿಡ್ರಿ. ಲಗೂ."

ಪರದೆ ಬಿಟ್ಟು ಕಲ್ಲು ಹೇರುವಷ್ಟರಲ್ಲಿ ಮಳೆ ರಪರಪ ಹೊಡೆಯಿತು. ತಣ್ಣನೆಯ, ದಪ್ಪ ಹನಿಯ ಮಳೆ. ಹೊಲಿಗೆ ಹಾಕಿದ ಕಡೆ ಎರಡು ಮೂರು ಜಾಗ ಸೋರಿತು, ಹುಸೇನಬಿ ಅಲ್ಲಿಗೆ ತಗಡು ಒತ್ತಿ ಹಿಡಿದಳು. ಒಳಗೆ ಕೋಳಿ ಗುಟುಗುಟು ಎನ್ನುತ್ತ ನೆಮ್ಮದಿಯಿಂದ ಕೂತಿದ್ದವು. ಹನುಮೇಶ ಸೂರಿನ ಕೆಳಗೆ ನಿಂತು, ಇವತ್ತು ಪಂಪು ಕೆಟ್ಟಿತೇನು ಎಂದು ಮುಜಾಫರನನ್ನು ಕೆಣಕಿದ. ಮುಜಾಫರ ಸೋರುವ ಕಡೆಗೆ ಇನ್ನೊಂದು ತಗಡು ಒಯ್ದ.

ಮಳೆ ದಾಟಿತು. ಲಾರಿ ಕೆಸರಿನಲ್ಲಿ ಹೊರಳುತ್ತ ಬಂತು. ಹಮಾಲರು ಕೋಳಿಗಳನ್ನು ಬುಟ್ಟಿಗೆ ತುಂಬತೊಡಗಿದರು. ಎಲ್ಲ ಜೀವಂತ, ಒಂದೂ ತೋಯ್ದಿರಲಿಲ್ಲ. ಹನುಮೇಶ ಮುಂದೆ ನಿಂತು ನೋಡಿ, ಮರಿಯ ವಿಚಾರ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ. ಅವನ ದನಿ ಬೆಳಗಿನಷ್ಟು ಬಿರುಸಾಗಿರಲಿಲ್ಲ. ನಿನ್ನೆಯದನ್ನು ನಂಬಿದೆ ಎಂದು ಮಾತ್ರ ಅವನು ಅನ್ನಲಿಲ್ಲ.

ನಜ್ಮಾ ರಸ್ತೆಗೆ ಬಂದು ನಿಂತಿದ್ದಳು. ಮೋಡ ಅವರ ತಲೆಯ ಮೇಲಿನಿಂದ ಹಾಯ್ದು ರಾಣೆಬೆನ್ನೂರಿನ ಮೇಲೆ ಹೋಗಿತ್ತು. ಹೊತ್ತು ಮುಳುಗುವ ಬೆಳಕು ಅದರ ಹೊಟ್ಟೆಯ ಮೇಲೆ ಬಿದ್ದಿತ್ತು. ಮಳೆಯ ಕಾಲು ನೆಲದಿಂದ ಮೇಲೆದ್ದಿತ್ತು. ಹಿಂಜಿದ ಉಣ್ಣೆಯ ಹಾಗೆ ಜೋತಾಡುತ್ತಿತ್ತು, ನೋಡುತ್ತಿದ್ದ ಹಾಗೆ ಗಿಡ್ಡವಾಗುತ್ತಿತ್ತು. ಅದರ ಕೆಳಗೆ ಆ ಊರಿನ ನೀರಿನ ಟಾಕಿ ನಿಚ್ಚಳವಾಗಿ ಕಾಣುತ್ತಿತ್ತು.

"ಹನುಮೇಶ ಸರ, ನಿಮ್ಮ ಮನಿ ಸ್ಟೇಷನ್ ಹತ್ರ ಅಂದ್ರಿ."

ಹೌದು ಅಂದ. ಅವಳು ಕೈ ಮಾಡಿ ತೋರಿಸಿದಳು. ಅವನು ನೋಡಿದ. ಒಂದು ನಗು ಮುಖಕ್ಕೆ ಬಂದು ಅಲ್ಲೇ ನಿಂತಿತು. ಫೋನು ತೆಗೆದು ಹಚ್ಚಿದ. ಶ್ವೇತಾಳ ದನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಜೋರಾಗಿತ್ತು. ಕರೆಂಟು ಹೋಗಿದೆ, ತಂಪು ಗಾಳಿ ಬಿಟ್ಟಿದೆ, ಕಿಟಕಿ ಬಾಗಿಲು ಹಾಕಿದ್ದೇನೆ, ಕೂಸು ಈಗ ತಾನೇ ಮಲಗಿತು ಅಂದಳು.

"ಕಿಟಕಿ ತಗಿ," ಅವನು ಅಂದ. "ಕೂಸಿನ್ನ ತಗೊಂಡು ಕೆಳಗ ಇಳಿ. ಒದ್ದಿ ಅರಿವಿ ತಗೋ."

"ನಿಮಗ ಹುಚ್ಚ ಹಿಡದೈತೇನ್ರಿ? ನೆಗಡಿ ಬಂದ ಕೂಸಿಗೆ ಒದ್ದಿ ಅರಿವಿ ಹೊಚ್ಚಲೇನು?"

ಅಷ್ಟಕ್ಕೆ ಕಡಿದುಹೋಯಿತು. ಅವನು ಮತ್ತೆ ಹಚ್ಚಿದ, ಹತ್ತಲಿಲ್ಲ. ಮತ್ತೆ ಹಚ್ಚಿದ. ಒತ್ತುತ್ತಿದ್ದದ್ದು ಬೆಳಿಗ್ಗೆ ಪಂಪಿನ ಬುಡ ಮುಟ್ಟಿ ಹಿಂದೆ ತೆಗೆದ ಅದೇ ಬೆರಳು.

ನಜ್ಮಾ ತೊಟ್ಟಿಯಿಂದ ಎರಡು ಚೀಲ ಎಳೆದು ಹಿಂಡದೆ ಅವನ ಬೈಕಿನ ಹಿಂದೆ ಹಾಕಿದಳು. ಅವನು ಅವಳ ಮುಖ ನೋಡಿದ. ಈಗ ನಂಬಿದ್ದ. ಬೆಳಗಿನಿಂದ ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಇಂಥ ಬೆಲೆಗೆ ಮಾತ್ರ ಬೇಕಾಗಿರಲಿಲ್ಲ. ಬೈಕು ಕೆಸರು ಹಾರಿಸುತ್ತ ರಸ್ತೆ ಹಿಡಿಯಿತು. ಚೀಲದ ನೀರು ಹಿಂದೆ ಗೆರೆ ಎಳೆಯುತ್ತ ಹೋಯಿತು.

ಹಮಾಲರು ಬುಟ್ಟಿ ಎತ್ತುವುದನ್ನು ನಿಲ್ಲಿಸಿ ಅವನು ಹೋದ ದಿಕ್ಕನ್ನೇ ನೋಡಿದರು. ಎಲ್ಲರೂ ಕಿವಿಗೊಟ್ಟು ನಿಂತರು. ಅಷ್ಟು ಹೊತ್ತು ಸಣ್ಣಗೆ ಗುರುಗುಡುತ್ತಿದ್ದ ಗುಡುಗು, ರಾಣೆಬೆನ್ನೂರಿನ ಮೇಲೆ, ನಿನ್ನೆಯ ಹಾಗೆಯೇ ನಿಂತಿತು.